ಹದಿನೇಳು ಕರ್ನಾಟಕ

ನಮ್ಮ ಶಾಲೆಯಲ್ಲಿ ಭಾರತವನ್ನು ಒಂದು ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೇವೆ. ಅದರ ಚಿಲಕ ಮುರಿದಿದೆ, ಸುತ್ತ ಹಗ್ಗ ಕಟ್ಟಿದೆ. ಪ್ರತಿ ಜನವರಿಯಲ್ಲಿ ಆ ಹಗ್ಗ ಬಿಚ್ಚುವವಳು ನಾನೇ ಆದ್ದರಿಂದ ಒಳಗೆ ಏನೇನಿದೆ ಎಂದು ಸರಿಯಾಗಿ ಹೇಳಬಲ್ಲೆ. ಕಪ್ಪು ಉಲ್ಲನ್ನು ಬಟ್ಟೆಗೆ ಅಂಟಿಸಿ ಮಾಡಿದ ಒಂದು ಗಡ್ಡ ಇದೆ, ಅದು ಪಂಜಾಬು. ರಟ್ಟಿನ ಮೀನು ಬಂಗಾಳ. ಅದರ ಬಾಲವನ್ನು ಎರಡು ಸಲ ಅಂಟಿಸಿದ್ದೇನೆ. ಪ್ಲಾಸ್ಟಿಕ್ ಸೇಬು ಕಾಶ್ಮೀರ. ಕೋಳಿಪುಕ್ಕ ಸಿಕ್ಕಿಸಿದ ಒಂದು ಹಣೆಪಟ್ಟಿ ಇದೆ. ಅದು ಒಂದು ವರ್ಷ ನಾಗಾಲ್ಯಾಂಡ್, ಇನ್ನೊಂದು ವರ್ಷ ಮಣಿಪುರ. ಯಾವ ವರ್ಷ ಯಾವುದು ಎಂಬುದು, ಫಲಕ ಹಿಡಿಯುವ ಮಗುವಿನ ಬಾಯಿಗೆ ಯಾವ ಹೆಸರು ಸುಲಭವಾಗಿ ಬರುತ್ತದೆ ಎನ್ನುವುದರ ಮೇಲೆ ನಿಂತಿದೆ.

ಟ್ರಂಕಿನಲ್ಲಿ ಇಲ್ಲದ ರಾಜ್ಯಗಳು ಮಕ್ಕಳ ಮನೆಯಿಂದ ಬರಬೇಕು. ಗಣರಾಜ್ಯೋತ್ಸವಕ್ಕೆ ‘ವಿವಿಧತೆಯಲ್ಲಿ ಏಕತೆ’ ಮಾಡುವ ಎಲ್ಲ ಸರ್ಕಾರಿ ಶಾಲೆಗಳಲ್ಲಿಯೂ ಹೀಗೇ ನಡೆಯುತ್ತದೆ ಎಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ಜರಿಯಂಚಿನ ಬಿಳಿ ಸೀರೆ ಇರುವ ಹುಡುಗಿ ಕೇರಳ. ಸ್ವೆಟರ್ ಇರುವವನು ಹಿಮಾಚಲ. ಮುಸ್ಲಿಂ ಮನೆಯ ಹುಡುಗಿ ಇದ್ದರೆ ಸೇಬು ಅವಳ ಕೈಗೆ. ಇನ್ನು ರಾಜಸ್ಥಾನಕ್ಕಂತೂ ಎಂದೂ ತೊಂದರೆಯಾದದ್ದಿಲ್ಲ. ಈ ಕಡೆ ಹೆಚ್ಚಿನ ಶಾಲೆಗಳಿಗೆ ಯಾವುದಾದರೂ ಒಂದು ಲಂಬಾಣಿ ತಾಂಡಾದಿಂದ ಮಕ್ಕಳು ಬರುತ್ತಾರೆ. ಅವರ ಅಜ್ಜಿಯರ ಪೆಟ್ಟಿಗೆಯಲ್ಲಿ ಕನ್ನಡಿ ಚೂರು, ಕವಡೆ, ಬಣ್ಣದ ದಾರದ ಕಸೂತಿ ತುಂಬಿದ ಲಂಗ ಇರುತ್ತದೆ. ನಾನು ಪಟ್ಟಿ ಬರೆಯುವಾಗ ಮೊದಲು ತುಂಬುತ್ತಿದ್ದ ಸಾಲೇ ಅದು. ಚನ್ನಗಿರಿ ತಾಲ್ಲೂಕಿನಲ್ಲಿ ಉಬ್ರಾಣಿ ಕಡೆ ಇದ್ದಾಗ ಹಾಗೆ ತುಂಬಿದೆ, ಹೊನ್ನಾಳಿ ತಾಲ್ಲೂಕಿನಲ್ಲಿದ್ದಾಗ ತುಂಬಿದೆ, ಸವಳಂಗದ ಹತ್ತಿರದ ಈ ಶಾಲೆಗೆ ಬಂದ ಮೇಲೂ ತುಂಬಿದೆ. ಒಟ್ಟು ಹತ್ತೊಂಬತ್ತು ಸಲ. ನಾನು ಸಮಾಜ ವಿಜ್ಞಾನದ ಟೀಚರ್ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇಪ್ಪತ್ತನೆಯ ಸಲದ್ದು ಮಾತ್ರ ಬೇರೆಯಾಯಿತು. ಆಗ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯಲು ನೋಡುತ್ತೇನೆ.

ಆ ಹುಡುಗಿ ಆರನೆಯ ತರಗತಿಯವಳು. ತಾಂಡಾದಿಂದ ನಡೆದು ಬರುತ್ತಿದ್ದಳು. ಮಾತು ಕಡಿಮೆ, ಆದರೆ ಕೊಟ್ಟ ಲೆಕ್ಕವನ್ನು ಉತ್ತರ ಬಂದ ಮೇಲೂ ಇನ್ನೊಮ್ಮೆ ಮಾಡಿ ನೋಡುವ ಜಾತಿಯ ಹುಡುಗಿ. ನಾನು ಆರು ಮತ್ತು ಏಳನೆಯ ತರಗತಿಯ ಹದಿನೇಳು ಮಕ್ಕಳ ಪಟ್ಟಿ ಓದಿದಾಗ, ‘ರಾಜಸ್ಥಾನ’ ಎಂದು ಅವಳ ಕಡೆ ನೋಡಿದಾಗ, ಅವಳು ನೋಟ್‌ಬುಕ್ಕಿನ ಪುಟ ತಿರುಗಿಸಿ ಏನೋ ನೋಡಿದಳು. ಬಿಸಿಯೂಟ ಮುಗಿದ ಮೇಲೆ ತೊಳೆದ ತಟ್ಟೆಯನ್ನು ಒಂದು ಕೈಯಲ್ಲಿ, ನೋಟ್‌ಬುಕ್ಕನ್ನು ಇನ್ನೊಂದು ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

ನೋಟ್‌ಬುಕ್ಕಿನಲ್ಲಿ ಹಿಂದಿನ ವಾರ ನಾನೇ ಅಂಟಿಸಲು ಕೊಟ್ಟಿದ್ದ ಭಾರತದ ನಕ್ಷೆ ಇತ್ತು. ನಿಮ್ಮ ಊರು ಇರುವ ಜಾಗಕ್ಕೆ ಚುಕ್ಕಿ ಇಡಿ ಎಂದು ಹೇಳಿದ್ದೆ. ಹೆಚ್ಚಿನವರ ಊರು ಅರಬ್ಬೀ ಸಮುದ್ರಕ್ಕೆ ಬಿದ್ದಿತ್ತು, ಒಬ್ಬನದು ನಾಗಪುರದ ಆಸುಪಾಸಿಗೆ ಹೋಗಿತ್ತು. ಇವಳ ಚುಕ್ಕಿಯೊಂದೇ ಇರಬೇಕಾದಲ್ಲಿ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿದ್ದೆ.

“ಈ ಚುಕ್ಕಿ ಸರಿ ಐತಲ್ರೀ ಮಿಸ್?” ಎಂದು ಕೇಳಿದಳು.

ಸರಿ ಇದೆ ಎಂದೆ.

“ಮತ್ತೆ ನನ್ನ ಯಾಕೆ ರಾಜಸ್ಥಾನಕ್ಕೆ ಹಾಕೀರಿ?”

ಬಟ್ಟೆ ಅಲ್ಲಿಯದರ ಹಾಗೆ ಇರುತ್ತದಲ್ಲ, ಅದಕ್ಕೆ ಎಂದೆ. ಆ ಲಂಗವನ್ನು ತನ್ನ ಅಜ್ಜಿ ತಾಂಡಾದಲ್ಲೇ ಕೂತು ಹೊಲಿದದ್ದು, ದಾರವನ್ನು ನ್ಯಾಮತಿ ಸಂತೆಯಲ್ಲಿ ತಂದದ್ದು ಎಂದು ಹೇಳಿದಳು. ಆಮೇಲೆ ನಾನು ಕೇಳದೇ ಇದ್ದ ಒಂದು ವಿಷಯ ಹೇಳಿದಳು. ಅವಳ ಅವ್ವ ಇದೇ ಶಾಲೆಯಲ್ಲಿ ಓದುವಾಗ ರಾಜಸ್ಥಾನ ಆಗಿದ್ದಳಂತೆ. ಅಕ್ಕ ಎರಡು ವರ್ಷ ರಾಜಸ್ಥಾನ. ಅಕ್ಕನ ಎರಡನೆಯ ವರ್ಷದ ಪಟ್ಟಿ ನಾನೇ ಬರೆದದ್ದು.

“ನಮ್ಮ ಮನಿಯಾರು ಒಬ್ರೂ ಕರ್ನಾಟಕ ಆಗಿಲ್ಲ ಮಿಸ್. ಅಜ್ಜಿ ಬಟ್ಟೆ ಹಾಕ್ಕೊಂಡೇ ನಾನು ಕರ್ನಾಟಕ ಆಗ್ತೀನಿ. ಇಲ್ಲಾಂದ್ರೆ ಅವತ್ತು ನಾನು ಬರಲ್ಲ.”

ಇದನ್ನು ಅವಳು ಹಟದ ದನಿಯಲ್ಲಿ ಹೇಳಲಿಲ್ಲ. ಜ್ವರ ಬಂದಿದೆ, ನಾಳೆ ರಜೆ ಎಂದು ಹೇಳುವ ಹಾಗೆ ಹೇಳಿದಳು. ನಾನು “ನೋಡೋಣ” ಎಂದೆ. ನಮ್ಮ ಇಲಾಖೆಯಲ್ಲಿ ‘ಆಗುವುದಿಲ್ಲ’ ಎನ್ನಲು ಇರುವ ಮಾತು ಅದು. ಅದು ಅವಳಿಗೂ ಗೊತ್ತಿತ್ತು ಎಂದು ಕಾಣುತ್ತದೆ, ಏಕೆಂದರೆ ಮರುದಿನ ಪ್ರಾರ್ಥನೆ ಮುಗಿಯುವುದರೊಳಗೆ ಅವಳ ಅಜ್ಜಿ ಬಂದರು.

ನಮ್ಮ ಹೆಡ್ ಮಾಸ್ಟರು ಹೊನ್ನಾಳಿಯವರು. ನಿವೃತ್ತಿಗೆ ಎರಡು ವರ್ಷ ಇತ್ತು. ಆ ಎರಡು ವರ್ಷ ಯಾರೂ ಏನೂ ಕೇಳದಿದ್ದರೆ ಸಾಕು ಎಂಬುದು ಅವರ ಆಡಳಿತ ನೀತಿ. ಅಜ್ಜಿಗೆ ಕುರ್ಚಿ ಕೊಟ್ಟರು. ಅಜ್ಜಿ ಕೂರಲಿಲ್ಲ. ಮೈಮೇಲೆ ಅಂಥದೇ ಲಂಗ, ದಿನದ ಬಳಕೆಯದು; ಕಸೂತಿ ಮಾಸಿತ್ತು. ವರಾಂಡದ ಕಂಬಕ್ಕೆ ಒರಗಿ ನಿಂತು ನನ್ನ ಕಡೆ ನೋಡಿ ಮಾತಾಡಿದರು.

“ಟೀಚರಮ್ಮ, ನಾನು ತಾಂಡಾ ಬಿಟ್ಟು ಎಲ್ಲೂ ಹೋದಾಕಿ ಅಲ್ಲ. ಮೊದ್ಲು ಶಿವಮೊಗ್ಗ ಜಿಲ್ಲೆ ಅಂದ್ರಿ. ಆಮ್ಯಾಲೆ ದಾವಣಗೆರೆ ಅಂದ್ರಿ, ಹೂಂ ಅಂದೆ. ಹೊನ್ನಾಳಿ ತಾಲ್ಲೂಕು ಅಂತಿದ್ರಿ, ಈಗ ನ್ಯಾಮತಿ ಅಂದ್ರಿ, ಅದಕ್ಕೂ ಹೂಂ ಅಂದೆ. ನಾನು ಕುಂತಲ್ಲೇ ಕುಂತೀನಿ, ನೀವೇ ಎತ್ತಿ ಎತ್ತಿ ಇಡ್ತೀರಿ. ಈಗ ರಾಜಸ್ಥಾನಕ್ಕೆ ಹಾಕೀರಂತೆ. ಅದು ಎಷ್ಟು ದೂರ ಐತೆ?”

ಹೆಡ್ ಮಾಸ್ಟರು ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು, ರೈಲಿನಲ್ಲಿ ಎರಡು ದಿನ ಆಗಬಹುದು ಎಂದರು. ನಾನು ಅವರ ಕಡೆ ನೋಡಿದ ಮೇಲೆ ದಾರಿ ಬದಲಿಸಿದರು. ಅಜ್ಜಿ, ಇತಿಹಾಸದ ಪ್ರಕಾರ ನಿಮ್ಮ ಹಿರಿಯರು ಆ ಕಡೆಯಿಂದಲೇ ಬಂದದ್ದಂತೆ ಎಂದು ಮೃದುವಾಗಿ ತಿಳಿಸಿದರು.

“ನಿಮ್ಮ ಹಿರೇರು ಎಲ್ಲಿಂದ ಬಂದ್ರು?” ಎಂದರು ಅಜ್ಜಿ.

“ಹೊನ್ನಾಳಿ.”

“ಅದಕ್ಕೂ ಮುಂಚೆ?”

ಹೆಡ್ ಮಾಸ್ಟರು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ತೆರೆದು ನೋಡಿದರು. ಕೊನೆಗೆ, ಇದೆಲ್ಲ ಒಂದು ದಿನದ ಮಟ್ಟಿಗೆ ಅಷ್ಟೇ ಅಜ್ಜಿ, ಹೋಗಿ ಬಂದ ಹಾಗೆ ಎಂದರು.

“ಒಂದು ದಿನಕ್ಕಾದ್ರೆ ನೀವೇ ಹೋಗಿಬರ್ರಿ” ಎಂದು ಅಜ್ಜಿ ಮೆಟ್ಟಿಲಿಳಿದರು. ಗೇಟಿನ ಹತ್ತಿರ ತಿರುಗಿ ನಿಂತು, ಹಬ್ಬದ ಲಂಗ ಪೆಟ್ಟಿಗೆಯಿಂದ ಹೊರಗೆ ಬರುವುದು ಹುಡುಗಿ ಕರ್ನಾಟಕ ಆದರೆ ಮಾತ್ರ ಎಂದು ಹೇಳಿ ಹೋದರು.

ಅಂದು ನಾನು ಪಟ್ಟಿಯಲ್ಲಿ ರಾಜಸ್ಥಾನ ಎಂಬುದನ್ನು ಹೊಡೆದು ಹಾಕಿದೆ. ಇದು ಧೈರ್ಯದ ಕೆಲಸ ಎಂದು ಯಾರೂ ಭಾವಿಸಬಾರದು. ಪೆನ್ಸಿಲ್ಲಿನಲ್ಲಿ ಹೊಡೆದೆ.

ಕರ್ನಾಟಕವನ್ನು ಆಗಲೇ ಏಳನೆಯ ತರಗತಿಯ ಒಬ್ಬ ಹುಡುಗಿಗೆ ಕೊಟ್ಟಾಗಿತ್ತು. ಅವಳ ದನಿ ಮೈಕಿಲ್ಲದೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಮನೆಯವರು ಅವಳಿಗೆ ರೇಷ್ಮೆ ಲಂಗ ಹೊಲಿಸಿಯೂ ಆಗಿತ್ತು. ವಿಷಯ ತಿಳಿಸಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು, “ಅವಳು ಬಂದ್ರೆ ನಾನೇನು ಆಂಧ್ರಕ್ಕೆ ಹೋಗ್ಲಾ?” ಎಂದಳು. ಬೇಡ, ಇಬ್ಬರೂ ಕರ್ನಾಟಕವೇ ಆಗಿರಿ, ಅಕ್ಕಪಕ್ಕ ನಿಲ್ಲಿ ಎಂದೆ. ಆ ಕ್ಷಣಕ್ಕೆ ಅದು ಬಹಳ ಜಾಣತನದ ತೀರ್ಮಾನ ಎನಿಸಿತು. ನನ್ನ ತಪ್ಪು ಅಲ್ಲಿಯೇ ಆದದ್ದು.

ಮರುದಿನ ಮೊದಲ ಪೀರಿಯಡ್ಡಿಗೆ ಕಾಶ್ಮೀರ ಬಂದು ಸೇಬನ್ನು ಮೇಜಿನ ಮೇಲಿಟ್ಟಿತು. ಒಂದು ರಾಜ್ಯಕ್ಕೆ ಇಬ್ಬರು ಆಗಬಹುದಾದರೆ ಮೂವರೂ ಆಗಬಹುದು ಎಂಬುದು ಅವಳ ವಾದ. “ನಮ್ಮಮ್ಮೀದು ತವರುಮನೆ ಕೆರೆಬಿಳಚಿ ಮಿಸ್. ಅಬ್ಬಾದು ಹೊನ್ನಾಳಿ. ಕಾಶ್ಮೀರದಾಗೆ ನಮಗ್ಯಾರೂ ಇಲ್ಲ.” ನಾನು ಸೇಬನ್ನು ಎತ್ತಿಕೊಳ್ಳುವುದರೊಳಗೆ ಪಂಜಾಬು ಎದ್ದು ನಿಂತಿತು. ಅವನು ಸವಳಂಗದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿರುವವರ ಮಗ. ಅವನ ಮನೆಯವರು ನಿಜವಾಗಿಯೂ ರಾಜಸ್ಥಾನದಿಂದ ಬಂದವರು. ಹೇಗೂ ಜಾಗ ಖಾಲಿಯಾಗಿದೆ, ನೀನೇ ರಾಜಸ್ಥಾನ ಆಗಬಹುದಲ್ಲ ಎಂದು ನಾನು ಆಸೆಯಿಂದ ಕೇಳಿದೆ. ತಾನು ಹುಟ್ಟಿದ್ದು ನ್ಯಾಮತಿಯಲ್ಲಿ, ರಾಜಸ್ಥಾನಕ್ಕೆ ಚಿಕ್ಕಪ್ಪನ ಮದುವೆಗೆಂದು ಒಂದೇ ಸಲ ಹೋದದ್ದು, ನಾಲ್ಕು ದಿನವೂ ಭೇದಿಯಾಗಿ ಒಳಗೇ ಮಲಗಿದ್ದೆ, ಆ ರಾಜ್ಯದ ಬಗ್ಗೆ ತನಗೆ ಇನ್ನೇನೂ ಗೊತ್ತಿಲ್ಲ ಎಂದು ಅವನು ವಿವರಿಸಿದ. ಗಡ್ಡ ಚುಚ್ಚುತ್ತದೆ ಎಂದೂ ಸೇರಿಸಿದ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಊರಿಗೆ ವಾಪಸು ಬಂದರು. ಹಿಮಾಚಲಕ್ಕೆ ಸ್ವೆಟರ್ ಸೆಕೆಯಾಗುತ್ತಿತ್ತು. ಕೇರಳದ ಅವ್ವ, ಮದುವೆ ಸೀರೆಯನ್ನು ಧೂಳಿಗೆ ಕೊಡುವುದಿಲ್ಲ ಎಂದಿದ್ದರು. ನಾಗಾಲ್ಯಾಂಡ್ ತಾನು ಯಾಕೆ ನಾಗಾಲ್ಯಾಂಡ್ ಎಂದು ಕೇಳಿತು. ಅವನ ಕಣ್ಣು ಸಣ್ಣ ಎಂಬುದೇ ಕಾರಣ. ಅದನ್ನು ಬಾಯಿಬಿಟ್ಟು ಹೇಳಲಾಗದೆ ನಾನು ಹಣೆಪಟ್ಟಿಯನ್ನು ಟ್ರಂಕಿಗೆ ವಾಪಸು ಹಾಕಿದೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಹದಿನೇಳು ಹೆಸರಿನ ಮುಂದೆಯೂ ಕರ್ನಾಟಕ ಎಂದೇ ಇತ್ತು.

ಹೆಡ್ ಮಾಸ್ಟರು ಆ ಪಟ್ಟಿಯನ್ನು ಎರಡು ಸಲ ಓದಿದರು. ಬ್ಯಾನರು ಪ್ರಿಂಟ್ ಆಗಿ ಬಂದು ಬೀರುವಿನ ಮೇಲೆ ಸುತ್ತಿಟ್ಟಿತ್ತು. ತಾಲ್ಲೂಕಿನಿಂದ ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಅತಿಥಿಯಾಗಿ ಬರಲು ಒಪ್ಪಿದ್ದರು. ಸಾಲಿನ ಉದ್ದಕ್ಕೂ ನಡೆದು ಒಂದೊಂದು ರಾಜ್ಯವನ್ನೂ ಮಾತಾಡಿಸುವುದು ಅತಿಥಿಯ ಕೆಲಸ.

“ಮೇಡಂ, ದೇಶ ಖಾಲಿ ಮಾಡಿಬಿಟ್ರಲ್ರೀ” ಎಂದರು.

ಮಕ್ಕಳನ್ನು ಹೊಡೆದು ಬೈದು ಹಳೆಯ ಪಟ್ಟಿಗೇ ಒಪ್ಪಿಸಿಬಿಡೋಣ ಎಂದರು. ನಾನು ಆಗಲಿ ಎಂದೆ. ಇದನ್ನೂ ಬರೆಯಲೇಬೇಕು: ಆಗಲಿ ಎಂದೆ. ತರಗತಿಗೆ ಹೋಗಿ ಬಾಯಿ ತೆರೆದಾಗ ಆ ಹುಡುಗಿ ರಟ್ಟಿನ ಫಲಕಕ್ಕೆ ಬಣ್ಣ ಹಚ್ಚುತ್ತಿದ್ದಳು. ‘ಕರ್ನಾಟಕ’ ಎಂದು ಬರೆದು, ಅಂಚಿಗೆ ಅಜ್ಜಿಯ ಲಂಗದ ಕಸೂತಿಯನ್ನೇ ಸ್ಕೆಚ್ ಪೆನ್ನಿನಲ್ಲಿ ಎಳೆಯುತ್ತಿದ್ದಳು. ಅರ್ಧ ಆಗಿತ್ತು. ನನ್ನ ಮುಖ ನೋಡಿ ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಬೈಯುವುದಕ್ಕೆಂದು ಹೋದವಳು ನಾನು ಅರ್ಧ ಗಂಟೆ ನದಿಗಳ ಪಾಠ ಮಾಡಿ ಹೊರಗೆ ಬಂದೆ.

“ಅಜ್ಜಿ ಹೇಳಿದ ಹಾಗೆ ನಾವೇ ಹೋಗಿಬರೋಣ ಸಾರ್” ಎಂದು ಹೆಡ್ ಮಾಸ್ಟರಿಗೆ ಹೇಳಿದೆ. ಅವರಿಗೆ ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದ ಮೇಲೆ ಮೊದಲು ಕೇಳಿದ್ದು ಗಡ್ಡ ಯಾರಿಗೆ ಎಂದು.

ಹೀಗೆ ಹೊರರಾಜ್ಯಗಳನ್ನು ಸಿಬ್ಬಂದಿ ಹಂಚಿಕೊಂಡೆವು. ಇದ್ದವರು ಐದು ಜನ. ಎತ್ತರ ನೋಡಿ ಹೆಡ್ ಮಾಸ್ಟರಿಗೆ ಪಂಜಾಬು ಬಂತು. ಕನ್ನಡದ ಮಿಸ್ಸು ಕಾಶ್ಮೀರ, ಪಿ.ಟಿ. ಮಾಸ್ಟರು ಕೋಳಿಪುಕ್ಕ. ಬಿಸಿಯೂಟ ಮಾಡುವ ಅಕ್ಕ ಲಿಂಗಾಯತರ ಮನೆಯವರು. ರಟ್ಟಿನದಾದರೂ ಮೀನು ಮುಟ್ಟಲು ಹಿಂದೆಮುಂದೆ ನೋಡಿದರು. ಆಮೇಲೆ ಬಾಲಕ್ಕೆ ದಾರ ಕಟ್ಟಿ, ದಾರ ಹಿಡಿದು ಬಂಗಾಳವಾಗಲು ಒಪ್ಪಿದರು. ಉಳಿದದ್ದು ರಾಜಸ್ಥಾನ. ಅದು ನನಗೆ ಎಂದು ಹೆಡ್ ಮಾಸ್ಟರೇ ತೀರ್ಮಾನಿಸಿದರು.

“ಜಗಳೂರಿನೋರು ನೀವು. ಮರಳುಗಾಡಿಗೆ ನಿಮ್ಮನ್ನು ಬಿಟ್ಟು ಇನ್ಯಾರನ್ನ ಕಳಿಸಾಕೆ ಆಗ್ತೈತೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಳೆ ಕಾಣದ ಜಗಳೂರಿನವಳೆಂದು ಈ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೇನೆ: ನಿಮ್ಮಲ್ಲಿ ಸ್ನಾನ ವಾರಕ್ಕೆ ಎಷ್ಟು ಸಲ, ಭದ್ರಾ ಕಾಲುವೆ ನೋಡಿ ಹೆದರಿದಿರಂತೆ ಹೌದಾ ಎಂಬಂಥವು. ನಮ್ಮ ಊರಲ್ಲಿ ಈರುಳ್ಳಿ ಬೆಳೆಯುತ್ತದೆ, ಮೆಕ್ಕೆಜೋಳ ಬೆಳೆಯುತ್ತದೆ. ಒಂಟೆಯನ್ನು ನಾನು ಮೊದಲು ನೋಡಿದ್ದು ಸರ್ಕಸ್ಸಿನಲ್ಲಿ. ಅಂದು ನನಗೆ ಸಿಟ್ಟು ಬಂತು. ಒಂದೇ ದಿನದ ಮಟ್ಟಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಸ್ವಲ್ಪ ಹೊತ್ತು ನೀರು ಕುಡಿಯುತ್ತ ಕೂತೆ.

ಅಜ್ಜಿಯ ಹತ್ತಿರ ಇನ್ನೊಂದು ಲಂಗ ಇದ್ದರೆ ನನಗೆ ಕೊಡಬಹುದೇ ಎಂದು ಹುಡುಗಿಯ ಕೈಯಲ್ಲಿ ಹೇಳಿಕಳಿಸಿದೆ. ರಾಜಸ್ಥಾನಕ್ಕೆ ಹೋಗುವವರಿಗೆ ಇಲ್ಲ ಎಂದು ಉತ್ತರ ಬಂತು. ಕೊನೆಗೆ ಪೈಪಿನ ಅಂಗಡಿಯವರ ಹೆಂಡತಿ ತಮ್ಮ ಲಂಗವನ್ನೂ ತಲೆ ಮೇಲೆ ಹೊದೆಯುವ ದುಪಟ್ಟವನ್ನೂ ಕೊಟ್ಟು, ಉಡುವುದು ಹೇಗೆಂದು ಅಚ್ಚ ಸವಳಂಗದ ಕನ್ನಡದಲ್ಲಿ ಹೇಳಿಕೊಟ್ಟರು.

ಆ ದಿನ ಬೆಳಿಗ್ಗೆ ಧ್ವಜ ಹಾರಿಸಿದ ಮೇಲೆ ಸಾಲು ನಿಂತೆವು. ಮೊದಲು ಹೊರರಾಜ್ಯಗಳು, ಆಮೇಲೆ ಹದಿನೇಳು ಕರ್ನಾಟಕ. ರೇಷ್ಮೆ ಲಂಗದ ಕರ್ನಾಟಕ ಇತ್ತು, ಈದ್‌ಗೆ ಹೊಲಿಸಿದ ಚೂಡಿದಾರದ ಕರ್ನಾಟಕ ಇತ್ತು, ಯೂನಿಫಾರ್ಮಿನಲ್ಲೇ ಬಂದ ನಾಲ್ಕು ಕರ್ನಾಟಕಗಳಿದ್ದವು. ಕರ್ನಾಟಕಗಳ ಸಾಲಿನಲ್ಲಿ ಮೊದಲು ನಿಂತವಳು ಅವಳು, ಅಜ್ಜಿಯ ಹಬ್ಬದ ಲಂಗದಲ್ಲಿ. ಅದು ಅವಳಿಗೆ ಉದ್ದವಾಗಿತ್ತು. ಸೊಂಟದಲ್ಲಿ ಮಡಚಿ ನಾಲ್ಕು ಪಿನ್ನು ಹಾಕಿದ್ದರು. ಅಜ್ಜಿ ಊರವರ ಜೊತೆ ಹಿಂದಿನ ಬೆಂಚಿನಲ್ಲಿದ್ದರು.

ಅಧಿಕಾರಿ ಒಳ್ಳೆಯ ಮನುಷ್ಯ. ಬಿಳಿ ಅಂಗಿ, ಹೊಸ ಬೂಟು. ಮೊದಲ ರಾಜ್ಯದ ಎದುರು ನಿಂತು, ಹೆಡ್ ಮಾಸ್ಟರ್ ಎಲ್ಲಿದ್ದಾರೆ ಎಂದು ಕೇಳಿದರು.

“ನಾನೇ ಸಾರ್, ಪಂಜಾಬ್” ಎಂದಿತು ಗಡ್ಡ.

ಅಧಿಕಾರಿ ಗಡ್ಡದ ಕೈ ಕುಲುಕಿ ಮುಂದೆ ಬಂದರು. ಬಂಗಾಳದ ಅಕ್ಕ ಮೀನನ್ನು ದಾರದಲ್ಲಿ ದೂರ ಹಿಡಿದಿದ್ದರು. ಅದು ಗಾಳಿಗೆ ತಿರುಗುತ್ತಿತ್ತು. ನನ್ನ ಎದುರಿಗೆ ಬಂದಾಗ ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ: ನಾನು ರಾಜಸ್ಥಾನ, ನನ್ನಲ್ಲಿ ಮರಳುಗಾಡಿದೆ, ಕೋಟೆಗಳಿವೆ. ಅವರು ನನ್ನ ದುಪಟ್ಟ ನೋಡಿ ಪ್ರೀತಿಯಿಂದ, “ಕನ್ನಡ ಚೆನ್ನಾಗಿ ಕಲಿತಿದ್ದೀರಿ” ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ, ತಮಾಷೆಯಲ್ಲ. “ಇಲ್ಲ ಸಾರ್, ನಾನು ಜಗಳೂರು” ಎಂದು ನನ್ನ ಬಾಯಿಂದ ಬಂತು. ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಪಂಜಾಬು ಗಡ್ಡದೊಳಗೆ ಕೆಮ್ಮಿತು. ಅಧಿಕಾರಿ ತಲೆಯಾಡಿಸಿ, ಒಪ್ಪಿದರೋ ಇಲ್ಲವೋ ತಿಳಿಯದ ಹಾಗೆ, ಮುಂದೆ ಹೋದರು. ನಾನು ಜಾರಿದ ದುಪಟ್ಟವನ್ನು ತಲೆ ಮೇಲೆ ಎಳೆದುಕೊಳ್ಳುತ್ತ, ನಾನು ಜಗಳೂರು ಎಂದು ನನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡೆ.

ಹಾಗಾಗಿ ಮುಂದಿನದನ್ನು ನಾನು ಅರೆ ಕಿವಿಯಲ್ಲಿ ಕೇಳಿದ್ದು. ಅಧಿಕಾರಿ ಹುಡುಗಿಯ ಲಂಗ ನೋಡಿದರು, ಕೈಯಲ್ಲಿದ್ದ ಫಲಕ ನೋಡಿದರು. ಅಯ್ಯೋ, ಬೋರ್ಡು ಅದಲುಬದಲಾಗಿದೆ ಎಂದು ನಗುತ್ತ, ಅವಳ ಫಲಕವನ್ನು ತೆಗೆದು ಬೇರೆ ಕೊಡಿಸಲು ಕೈ ಚಾಚಿದರು. ಕೈ ಫಲಕದ ಅಂಚಿಗೆ ತಾಗಿತು. ಹುಡುಗಿ ಬಿಡಲಿಲ್ಲ. ಎರಡು ಕ್ಷಣ ಕರ್ನಾಟಕವನ್ನು ಇಬ್ಬರೂ ಹಿಡಿದುಕೊಂಡಿದ್ದರು. ಅಧಿಕಾರಿಯ ಹಿಂದೆಯೇ ಬಂದಿದ್ದ ಹೆಡ್ ಮಾಸ್ಟರು ಒಂದು ಹೆಜ್ಜೆ ಮುಂದಿಟ್ಟರು. ನಾನು ಅವರ ತೋಳು ಹಿಡಿದೆ. ಕೆಲಸಕ್ಕೆ ಸೇರಿದಾಗಿನಿಂದ ಯಾವ ಹೆಡ್ ಮಾಸ್ಟರರ ತೋಳನ್ನೂ ನಾನು ಹಿಡಿದದ್ದಿಲ್ಲ.

“ಬದಲಾಗಿಲ್ಲ ಸಾರ್” ಎಂದಳು ಹುಡುಗಿ. “ನಾನು ಕರ್ನಾಟಕ. ನಮ್ಮ ತಾಂಡಾ ಇಲ್ಲಿಂದ ಎರಡು ಕಿಲೋಮೀಟ್ರು. ರಸ್ತೆಗೆ ಜಲ್ಲಿ ಹಾಕಿ ಹಂಗೇ ಬಿಟ್ಟಾರೆ. ಸೈಕಲ್ ಹೊಡಿಯಾಕೆ ಬರಲ್ಲ, ನಡಿಯಾಕೂ ಬರಲ್ಲ.”

ನಾನು ಬರೆದುಕೊಟ್ಟಿದ್ದರಲ್ಲಿ ಕಾವೇರಿ ಇತ್ತು, ಶ್ರೀಗಂಧ ಇತ್ತು, ಜೋಗ ಇತ್ತು. ಜಲ್ಲಿ ಇರಲಿಲ್ಲ.

ಅಧಿಕಾರಿಯ ಕೈ ಫಲಕದಿಂದ ನಿಧಾನವಾಗಿ ಕೆಳಗಿಳಿಯಿತು. ಜಲ್ಲಿ ಹಾಕಿದ್ದು ಯಾವಾಗ ಎಂದು ಕೇಳಿದರು. ತಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಎಂದಳು. ಮೂರನೇ ಕ್ಲಾಸು ಎಂದು ಹಿಂದಿನ ಬೆಂಚಿನಿಂದ ಅಜ್ಜಿ ತಿದ್ದಿದರು. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. ಕಾಗದ ಇರಲಿಲ್ಲ, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡು ಎರಡನೆಯ ಕರ್ನಾಟಕಕ್ಕೆ ಹೋದರು. ಬಸ್‌ಸ್ಟ್ಯಾಂಡಿನವರೆಗೆ ಕೇಳುವ ದನಿಯಲ್ಲಿ ಅದು, ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದಿತು. ಮೂರನೆಯದು, ಸಂಜೆಯ ಬಸ್ಸು ಕೈ ತೋರಿಸಿದರೂ ನಿಲ್ಲಿಸುವುದಿಲ್ಲ ಎಂದಿತು. ಹದಿನೇಳು ಕರ್ನಾಟಕ ಮುಗಿಯುವಷ್ಟರಲ್ಲಿ ಆಮಂತ್ರಣ ಪತ್ರಿಕೆಯ ಎರಡೂ ಬದಿ ತುಂಬಿತ್ತು. ಹೆಡ್ ಮಾಸ್ಟರು ಗಡ್ಡ ತೆಗೆಯುವುದನ್ನೇ ಮರೆತು ನಿಂತಿದ್ದರು.

ಹೊರಡುವ ಮುನ್ನ ಅಧಿಕಾರಿ ಆ ಹುಡುಗಿಯ ಹತ್ತಿರ ಇನ್ನೊಮ್ಮೆ ಬಂದರು. ಹೆಸರು ಕೇಳಿದರು, ತಾಂಡಾದ ಹೆಸರು ಕೇಳಿದರು. ಅವಳು ಫಲಕವನ್ನು ಎದೆಗೆ ಹಿಡಿದುಕೊಂಡೇ ಒಂದೊಂದು ಅಕ್ಷರವಾಗಿ ಹೇಳಿದಳು, ಅವರು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡರು. ಸರಿಯಾಗಿ ಬರೆದರೋ ಇಲ್ಲವೋ ಎಂದು ಅವಳು ಕತ್ತು ಚಾಚಿ ನೋಡಿದಳು, ನೋಡಿ ಹೂಂ ಎಂದಳು. ಏನು ಬರೆದರು ಎಂಬುದನ್ನು ನಾನು ಹೇಳಲಾರೆ. ನಾನು ನಿಂತಿದ್ದ ರಾಜಸ್ಥಾನದಿಂದ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ.